ಮುಂಗುಸಿ ಮೇಸ್ತ್ರಿ ಸುಮ್ಮನಿರುವ ಹೊತ್ತು

ಬೆಳಿಗ್ಗೆ ಹತ್ತು ಗಂಟೆಗೆ ವಸ್ತುಸಂಗ್ರಹಾಲಯದಲ್ಲಿ ‘ಮುಂಗುಸಿ ಮೇಸ್ತ್ರಿ’ ಪ್ರದರ್ಶನ ಆರಂಭವಾಯಿತು. ಅದೇ ಹೊತ್ತಿಗೆ ಕೋಟೆ ಹಿಂದಿನ ಓಣಿಯಲ್ಲಿ ನನ್ನ ಪಕ್ಕದ ಮನೆಯ ವಾರಿಜಕ್ಕನ ದನಿ ಹೋಯಿತು. ಅವರು ಆಗ ತಳ್ಳುಗಾಡಿಯ ಇಮಾಮಣ್ಣನೊಂದಿಗೆ ಬದನೆಕಾಯಿಗೆ ಚೌಕಾಸಿ ಮಾಡುತ್ತಿದ್ದರು. ‘ಇಷ್ಟು ಬಾಡಿದ್ದಕ್ಕೆ’ ಎಂದು ಶುರುವಾದ ಮಾತು ಅಲ್ಲಿಗೇ ನಿಂತಿತು. ತುಟಿಗಳು ಆಡುತ್ತಿದ್ದವು, ಸದ್ದಿರಲಿಲ್ಲ.

ಇಮಾಮಣ್ಣ ಗಾಬರಿಯಾಗಲಿಲ್ಲ. ನಮ್ಮೂರಿನಲ್ಲಿ ಯಾರೂ ಆಗುವುದಿಲ್ಲ. ಇಲ್ಲಿ ಹುಟ್ಟಿದವರ ದನಿ ಎಲ್ಲಾದರೂ ಟೇಪಿನಲ್ಲೋ ಟೀವಿಯಲ್ಲೋ ಕೇಳಿಸುತ್ತಿದ್ದರೆ, ಅಷ್ಟು ಹೊತ್ತು ಅದು ಅವರ ಬಾಯಲ್ಲಿ ಇರುವುದಿಲ್ಲ. ಅಲ್ಲಿ ನಿಂತ ಮೇಲೆ ಇಲ್ಲಿಗೆ ಮರಳುತ್ತದೆ. ಹಾಗಾಗಿ ಬದುಕಿರುವವರ ದನಿಯನ್ನು ಹಾಕುವ ಮೊದಲು ಅವರಿಗೆ ಹೇಳಿ ಕಳಿಸಿ ಒಪ್ಪಿಗೆ ಕೇಳುವುದು ವಾಡಿಕೆ, ಕಾನೂನೂ ಹೌದು. ಸತ್ತವರದ್ದಕ್ಕೆ ಯಾರನ್ನೂ ಕೇಳಬೇಕಿಲ್ಲ. ಮದುವೆ ಮಂಟಪಗಳಲ್ಲಿ ಕೇಳಿಬರುವುದು ಸತ್ತವರ ಹಾಡುಗಳೇ. ದನಿ ಹೋದವರು ಎರಡು ಬೆರಳನ್ನು ಗಂಟಲಿಗೆ ಮುಟ್ಟಿಸಿ ತೋರಿಸುತ್ತಾರೆ. ಎದುರಿನವರು ಕಾಯುತ್ತಾರೆ. ಫೋನಿನಲ್ಲಾದರೆ, ಎತ್ತಿದವರು ಮಾತಾಡದಿದ್ದಾಗ ಇಟ್ಟುಬಿಟ್ಟು ಆಮೇಲೆ ಮಾಡುವುದು ಮರ್ಯಾದೆ. ಕೋರ್ಟಿನಲ್ಲಿ ಸಾಕ್ಷಿಯ ದನಿ ಹೋದರೆ ವಿಚಾರಣೆಯನ್ನು ಊಟದ ನಂತರಕ್ಕೆ ಇಟ್ಟುಕೊಳ್ಳುತ್ತಾರೆ.

ವಾರಿಜಕ್ಕ ಗಂಟಲು ಮುಟ್ಟಿ ತೋರಿಸಿದರು. ಇಮಾಮಣ್ಣ ಸ್ವಲ್ಪ ಹೊತ್ತು ಕಾದ. ದನಿ ಬರಲಿಲ್ಲ. ಅವರು ಕೇಳಬಹುದಾದ ಬೆಲೆಗೇ ಬದನೆಕಾಯಿ ತೂಗಿ ಕೊಟ್ಟ. ‘ಬಾಯಿ ಬಂದ ಮೇಲೆ ಬೈಸ್ಕೊಳ್ಳೋದಕ್ಕಿಂತ ಇದೇ ವಾಸಿ’ ಎಂದು ಹೇಳಿದನಂತೆ.

ಇದೆಲ್ಲ ನನಗೆ ಆಮೇಲೆ ತಿಳಿಯಿತು. ನಾನು ಇಲ್ಲಿನ ಪತ್ರಿಕೆಯೊಂದರ ವರದಿಗಾರ. ಆ ಹೊತ್ತಿಗೆ ವಸ್ತುಸಂಗ್ರಹಾಲಯದಲ್ಲಿದ್ದೆ. ಅಲ್ಲಿ ಅದುವರೆಗೆ ಇದ್ದದ್ದು ಕತ್ತಿ, ನಾಣ್ಯ, ಮಡಕೆ ಮತ್ತು ಒಂದು ಪಲ್ಲಕ್ಕಿ. ಯಾವುದೂ ಸದ್ದು ಮಾಡುವಂಥದ್ದಲ್ಲ. ಈಗ ಕೆಳಗಿನ ಮೂರು ಕೋಣೆಗಳನ್ನು ಖಾಲಿ ಮಾಡಿ, ನಮ್ಮೂರಲ್ಲೇ ತಯಾರಾಗಿ ಎಲ್ಲ ಕಡೆ ಹೆಸರಾದ ಕಾರ್ಟೂನ್ ಧಾರಾವಾಹಿಗೆ ಕೊಟ್ಟಿದ್ದರು. ಕಥೆ ಗೊತ್ತಿಲ್ಲದವರಿಗಾಗಿ ಹೇಳುವುದಾದರೆ, ಮೇಸ್ತ್ರಿ ಎಂಬ ಮುಂಗುಸಿ ಕಾಡಿನ ಪ್ರಾಣಿಗಳ ಬಿಲ, ಗೂಡು, ಗುಹೆಗಳನ್ನು ರಿಪೇರಿ ಮಾಡುತ್ತದೆ. ಕರೆದವರ ಮನೆಗೆ ಹೋದ ಕೂಡಲೇ ಗಾರೆ ಮೆತ್ತುವ ಕರಣೆ ಎತ್ತಿ ‘ಬಿರುಕೆಲ್ಲಿ? ತೋರ್ಸಿ ನೋಡೋಣ!’ ಎನ್ನುತ್ತದೆ. ಬಿರುಕು ಸಾಮಾನ್ಯವಾಗಿ ಗೋಡೆಯಲ್ಲಿರುವುದಿಲ್ಲ, ಮನೆಯವರ ನಡುವೆ ಇರುತ್ತದೆ. ಧಾರಾವಾಹಿ ನಿಂತು ಹದಿನೆಂಟು ವರ್ಷವಾಗಿದ್ದರೂ ಮನೆ ಕಟ್ಟಿಸುವವರು ಇಂದಿಗೂ ಗಾರೆಯವರನ್ನು ಈ ಮಾತು ಹೇಳಿ ಕಾಡುತ್ತಾರೆ.

ಮೊದಲ ಕೋಣೆಯಲ್ಲಿ ಪಾರದರ್ಶಕ ಹಾಳೆಗಳ ಮೇಲೆ ಬರೆದ ಮೂಲ ಚಿತ್ರಗಳಿದ್ದವು. ಒಂದು ಸಲ ಕಣ್ಣು ಮಿಟುಕಿಸುವುದಕ್ಕೆ ಎಷ್ಟು ಹಾಳೆ ಬೇಕು ಎಂದು ಸಾಲಾಗಿ ತೂಗು ಹಾಕಿದ್ದರು. ಎರಡನೆಯದರಲ್ಲಿ ಸದ್ದಿನ ಸಾಮಾನು: ಮಳೆಗೆ ಮೊರದಲ್ಲಿ ಹಾಕಿದ ಸಾಸಿವೆ, ಗುಡುಗಿಗೆ ತಗಡು, ಮೇಸ್ತ್ರಿಯ ಕರಣೆಗೆ ದೋಸೆ ಮಗುಚುವ ಕೈ. ಮೂರನೆಯದು ದೊಡ್ಡ ಪರದೆಯ ಕತ್ತಲೆ ಕೋಣೆ. ಅಲ್ಲಿ ಕಂತುಗಳು ಒಂದರ ಹಿಂದೆ ಒಂದು, ಸಂಜೆ ಆರರವರೆಗೆ ಬಿಡುವಿಲ್ಲದೆ ನಡೆಯುತ್ತವೆ ಎಂದು ಬರೆದಿತ್ತು. ಮೇಸ್ತ್ರಿ ಬಾಯಿ ಮುಚ್ಚಿ ಕೂರುವ ಪ್ರಾಣಿಯಲ್ಲ.

ಬಾಗಿಲ ಪಕ್ಕದ ಫಲಕದಲ್ಲಿ ಧಾರಾವಾಹಿ ಮಾಡಿದವರ ಹೆಸರುಗಳಿದ್ದವು. ಮುಂಗುಸಿಯ ದನಿ: ದಿವಂಗತ ವಾರಿಜಾ. ಹಿಂದಿನ ದಿನವಷ್ಟೇ ಅವರು ಮೊಳೆ ಹೊಡೆಯಲು ನನ್ನಿಂದ ಸುತ್ತಿಗೆ ಒಯ್ದಿದ್ದರು. ಅಂದಿನ ಎಲ್ಲ ಪತ್ರಿಕೆಗಳಲ್ಲಿ, ದೂರದ ಊರುಗಳ ಆವೃತ್ತಿಗಳಲ್ಲಿ ಕೂಡ, ಇದೇ ಹೆಸರುಗಳಿದ್ದ ಜಾಹೀರಾತು ಬಂದಿತ್ತು ಎಂದು ಆಮೇಲೆ ನೋಡಿದೆ. ಜಾಹೀರಾತನ್ನು ವರದಿಗಾರರು ಓದುವುದಿಲ್ಲ. ಫಲಕದ ವಿಷಯ ಹೇಳಲು ಮುಖ್ಯಸ್ಥೆ ಚಂದ್ರಪ್ರಭಾ ಅವರನ್ನು ಹುಡುಕಿದೆ. ಅವರು ಉದ್ಘಾಟನೆಗೆ ಬಂದ ಮಂತ್ರಿಗಳನ್ನು ಕಳಿಸಲು ಹೋಗಿದ್ದರು. ನಾನು ಸುದ್ದಿ ಕೊಡಲು ಆಫೀಸಿಗೆ ಹೋದೆ.

ಆರು ಗಂಟೆ ದಾಟಿದ ಮೇಲೆ ಮನೆಗೆ ಬಂದಾಗ ವಾರಿಜಕ್ಕ ನನ್ನ ಮನೆಯ ಮೆಟ್ಟಿಲ ಮೇಲೆ ಕೂತಿದ್ದರು. ದನಿ ಆಗಷ್ಟೇ ಬಂದಿತ್ತು, ಸ್ವಲ್ಪ ಒಡೆದಿತ್ತು.

‘ಪೇಪರ್ನೋರೇ, ನಾನು ಸತ್ತ ಸುದ್ದಿ ನಿಮ್ಮಲ್ಲೇ ಬಂದಿದೆ. ಪಕ್ಕದ ಮನೆಯೋರು ನೀವು, ಒಂದು ಮಾತು ಹೇಳೋದಲ್ವಾ?’

‘ಅದು ಜಾಹೀರಾತು ವಾರಿಜಕ್ಕ.’

‘ದುಡ್ಡು ಕೊಟ್ಟು ಹಾಕ್ಸಿದಾರೆ ಅನ್ನಿ. ಇನ್ನೂ ವಾಸಿ.’ ನಕ್ಕರು. ಆಮೇಲೆ ನಗಲಿಲ್ಲ. ‘ಅಂಬುಜಕ್ಕ ಫೋನ್ ಮಾಡಿದ್ಲು.’

ಅಂಬುಜಾ ಎಂದರೆ ವಾರಿಜಕ್ಕನ ಅಕ್ಕ. ನಾನು ಆ ಓಣಿಗೆ ಬಂದ ಮೇಲೆ ಒಮ್ಮೆಯೂ ಅವರನ್ನು ನೋಡಿಲ್ಲ, ಹೆಸರು ಮಾತ್ರ ಕೇಳಿದ್ದೆ. ಧಾರಾವಾಹಿ ನಡೆಯುತ್ತಿದ್ದ ಕಾಲದಲ್ಲಿ ಪ್ರತಿ ಸಂಜೆ ಆರೂವರೆಯಿಂದ ಏಳರವರೆಗೆ ವಾರಿಜಕ್ಕನಿಗೆ ದನಿ ಇರುತ್ತಿರಲಿಲ್ಲ. ಮನೆಯವರೆಲ್ಲ ಅದಕ್ಕೆ ಹೊಂದಿಕೊಂಡಿದ್ದರು. ಅವರ ತಾಯಿ ತೀರಿಕೊಂಡದ್ದು ಅಂಥ ಒಂದು ಸಂಜೆ. ಕಣ್ಣು ಮಂಜಾಗಿದ್ದ ತಾಯಿ ‘ವಾರೀ, ಇದ್ದೀಯೇನೇ’ ಎಂದು ಕೇಳುತ್ತಲೇ ಇದ್ದರಂತೆ. ವಾರಿಜಕ್ಕ ಕೈ ಹಿಡಿದುಕೊಂಡಿದ್ದರು. ತಾಯಿ ಆ ಕೈಯನ್ನು ದೊಡ್ಡ ಮಗಳದೆಂದು ತಿಳಿದರು. ಪಕ್ಕದ ಮನೆಯ ಟೀವಿಯಲ್ಲಿ ಮೇಸ್ತ್ರಿ ಅಳಿಲಿನ ಪೊಟರೆಗೆ ಗಾರೆ ಹಚ್ಚುತ್ತಿದ್ದ. ಕಂತು ಮುಗಿಯುವ ಮೊದಲು ತಾಯಿ ಹೋದರು. ಹದಿಮೂರನೆಯ ದಿನ ಅಂಬುಜಾ ‘ಊರಿಗೆಲ್ಲ ಮಾತಾಡಿದೆ, ಅಮ್ಮಂಗೆ ಒಂದು ಹೂಂ ಅನ್ಲಿಲ್ಲ’ ಎಂದು ಹೇಳಿ ತನ್ನ ಪೆಟ್ಟಿಗೆ ಎತ್ತಿಕೊಂಡು ಹೋದರು. ವಿಳಾಸ ಕೊಡಲಿಲ್ಲ.

‘ನಾಲ್ಕು ಗಂಟೆಗೆ ಫೋನ್ ಬಂತು’ ಎಂದರು ವಾರಿಜಕ್ಕ. ‘ಎತ್ತಿದೆ. ವಾರೀ, ಇದ್ದೀಯಾ ಅಂತ ಕೇಳಿದ್ಲು. ಅದೇ ಮಾತು. ನಂಗೆ ದನಿ ಇಲ್ಲ. ರಿಸೀವರ್ ತಟ್ಟಿದೆ, ಉಸಿರು ಬಿಟ್ಟೆ ಜೋರಾಗಿ. ಉಸಿರು ಕೇಳಿಸ್ತು ಅಂದ್ಲು. ಬದುಕಿದ್ದೀಯ, ಮಾತಾಡೋಕೆ ಇಷ್ಟ ಇಲ್ಲ ಅಲ್ವಾ, ಆಯ್ತು ಬಿಡು ಅಂದ್ಲು. ಇಟ್ಟುಬಿಟ್ಲು.’

‘ಪ್ರದರ್ಶನದ ವಿಷಯ ಅವರು ಓದಿರಬೇಕಲ್ಲ. ದನಿ ಅಲ್ಲಿದೆ ಅಂತ ಹೊಳೆಯೋದಿಲ್ವಾ?’

‘ಅದು ಮಡಕೆ ನೋಡೋ ಜಾಗ ಕಣ್ರೀ. ಮಡಕೆ ಇದ್ದಲ್ಲಿ ನಾನು ಬಾಯಿ ಬಡ್ಕೋತಾ ಇರ್ತೀನಿ ಅಂತ ಅವಳಿಗೆ ಹ್ಯಾಗೆ ಗೊತ್ತಾಗ್ಬೇಕು? ಸತ್ತಿದಾಳೋ ಇಲ್ವೋ ನೋಡೋಕೆ ಮಾಡಿದ್ಲು. ಇಲ್ಲ ಅಂತ ಗೊತ್ತಾಯ್ತು. ಸಿಟ್ಟು ಅಂದ್ಕೊಂಡ್ಲು.’ ಸೀರೆಯ ಸೆರಗನ್ನು ಬೆರಳಿಗೆ ಸುತ್ತಿಕೊಂಡರು. ‘ಮತ್ತೆ ಮಾಡಿದ್ರೆ ನಾಲ್ಕಕ್ಕೇ ಮಾಡ್ತಾಳೆ. ಅವಳು ಮಧ್ಯಾಹ್ನ ಮಲಗಿ ಎದ್ದ ಮೇಲೇ ಮನುಷ್ಯಳಾಗೋದು. ಆಗ ನನ್ನ ಬಾಯಿ ನನ್ನ ಹತ್ರ ಇರ್ಬೇಕು.’

ಮರುದಿನ ಸಂಜೆ ಬಾಗಿಲು ಮುಚ್ಚುವ ಹೊತ್ತಿಗೆ ಇಬ್ಬರೂ ವಸ್ತುಸಂಗ್ರಹಾಲಯಕ್ಕೆ ಹೋದೆವು. ಚಂದ್ರಪ್ರಭಾ ಅವರು ಹೆಸರು ಕೇಳಿ ಕುರ್ಚಿಯಿಂದ ಎದ್ದರು. ‘ವಾರಿಜಾ ಅವರಾ? ನೀವು...’ ಎಂದು ತಡವರಿಸಿದರು.

‘ಇನ್ನೂ ಇಲ್ಲ ಮೇಡಂ. ಆದಾಗ ಹೇಳಿ ಕಳಿಸ್ತೀನಿ’ ಎಂದರು ವಾರಿಜಕ್ಕ.

ಚಂದ್ರಪ್ರಭಾ ಅವರು ಗುಮಾಸ್ತ ಸದಾನಂದನನ್ನು ಕರೆಸಿದರು. ಅವನು ನಿಜವಾಗಿಯೂ ಬೆವರುತ್ತಿದ್ದ. ‘ಒಪ್ಪಿಗೆ ಕೇಳೋಕೆ ಹಲವು ಸಲ ಫೋನ್ ಮಾಡ್ದೆ ಮೇಡಂ. ಎತ್ತುತ್ತಿದ್ರು, ಮಾತಿರ್ತಿರ್ಲಿಲ್ಲ. ಮರ್ಯಾದೆಗೆ ಇಟ್ಟು ಮತ್ತೆ ಮಾಡ್ತಿದ್ದೆ. ಯಾವಾಗ ಮಾಡಿದ್ರೂ ಅಷ್ಟೇ. ಆ ಮನೇಲಿ ಮಾತಾಡೋರು ಯಾರೂ ಇಲ್ಲ ಅಂತ ನಿಮಗೆ ಹೇಳಿದ್ದೆ.’

‘ಯಾರೂ ಇಲ್ಲ ಅಂದ್ರೆ ನಾನು ತೀರ್ಕೊಂಡಿದಾರೆ ಅಂದ್ಕೊಂಡೆ. ಎಲ್ಲಿಂದ ಮಾಡ್ತಿದ್ದೆ ಫೋನು?’ ಎಂದರು ಚಂದ್ರಪ್ರಭಾ.

‘ಪರದೆ ಕೋಣೆಯಿಂದ. ಸ್ಪೀಕರ್ ಪರೀಕ್ಷೆ ಮಾಡ್ತಾ...’ ಎಂದವನು ಅಲ್ಲೇ ನಿಂತ. ಬೆನ್ನ ಹಿಂದೆ ಪರದೆಯಲ್ಲಿ ಮೇಸ್ತ್ರಿಯನ್ನು ಮಾತಾಡಿಸುತ್ತಲೇ ಅವನು ಮೇಸ್ತ್ರಿಯ ಒಪ್ಪಿಗೆ ಕೇಳುತ್ತಿದ್ದ. ವಾರಿಜಕ್ಕನಿಗೆ ನಗು ತಡೆಯಲಾಗಲಿಲ್ಲ. ಕೆಲವು ದಿನಗಳಿಂದ ಆಗಾಗ ದನಿ ಹೋಗುತ್ತಿತ್ತು, ವಯಸ್ಸಾಯಿತು ಎಂದುಕೊಂಡಿದ್ದರಂತೆ.

ಚಂದ್ರಪ್ರಭಾ ಅವರು ಫಲಕ ಬದಲಿಸುವುದಾಗಿ, ಪತ್ರಿಕೆಗಳಲ್ಲಿ ವಿಷಾದ ಪ್ರಕಟಿಸುವುದಾಗಿ ಹೇಳಿದರು. ಬೇಡವೆಂದರೆ ನಾಳೆಯಿಂದಲೇ ಪರದೆ ಕೋಣೆಗೆ ಬೀಗ ಹಾಕುತ್ತೇನೆ ಎಂದೂ ಹೇಳಿದರು. ಕಾನೂನು ವಾರಿಜಕ್ಕನ ಪರವಾಗಿತ್ತು. ಅವರು ಮೊದಲು ಕೋಣೆಗಳನ್ನು ನೋಡಲು ಹೊರಟರು. ಕಣ್ಣು ಮಿಟುಕಿಸುವ ಹಾಳೆಗಳನ್ನು ನೋಡಿದರು. ದೋಸೆ ಮಗುಚುವ ಕೈಯನ್ನು ನೋಡಿ ‘ಇದು ನಮ್ಮ ಮನೇದು, ವಾಪಸ್ ಕೊಡಲೇ ಇಲ್ಲ ನೋಡಿ’ ಎಂದರು. ಒಂದು ಚೌಕಟ್ಟಿನ ಮುಂದೆ ತುಂಬ ಹೊತ್ತು ನಿಂತರು. ಅದರಲ್ಲಿ ಬರೀ ಬಾಯಿಗಳಿದ್ದವು: ಅ ಎನ್ನುವ ಬಾಯಿ, ಉ ಎನ್ನುವ ಬಾಯಿ, ಮ ಎನ್ನುವಾಗ ಮುಚ್ಚಿದ ಬಾಯಿ. ದನಿಗೆ ತಕ್ಕಂತೆ ಮುಂಗುಸಿಯ ತುಟಿ ಆಡಿಸಲು ಚಿತ್ರಕಾರರು ಇಟ್ಟುಕೊಂಡಿದ್ದ ಮಾದರಿ.

‘ನನ್ನನ್ನ ಎದುರಿಗೆ ಕೂರಿಸ್ಕೊಂಡು ಬರೆದಿದ್ದು. ಮುಂಗುಸಿ ಮೂತಿ ಅದು, ಬಾಯಿ ನಂದು’ ಎಂದರು.

ವಾಪಸ್ ಬಂದು ಕೂತ ಮೇಲೆ ಹೇಳಿದರು: ‘ಪೂರ್ತಿ ನಿಲ್ಸಬೇಡಿ ಮೇಡಂ. ಹದಿನೆಂಟು ವರ್ಷದಿಂದ ಯಾರೂ ಕೇಳಿಲ್ಲ. ಹಗಲೆಲ್ಲ ಮನೇಲಿ ಆ ದನಿ ಇಟ್ಕೊಂಡು ನಾನು ಮಾಡೋದಾದ್ರೂ ಏನು? ಇಮಾಮಣ್ಣನ ಹತ್ರ ಜಗಳ, ಇವ್ರ ಹತ್ರ ಎರಡು ಮಾತು. ನಂಗೆ ನಾಲ್ಕರಿಂದ ಐದು ಬಿಟ್ಟುಕೊಡಿ ಸಾಕು.’

‘ನಾಲ್ಕಕ್ಕೇ ಶಾಲೆ ಬಿಡೋದಮ್ಮಾ. ಮಕ್ಕಳೆಲ್ಲ ಬರೋದು ಆವಾಗ್ಲೇ. ಬೆಳಿಗ್ಗೆ ಹನ್ನೊಂದರಿಂದ ಹನ್ನೆರಡು ಕೊಡ್ಲಾ? ಒಂದು ನರಪಿಳ್ಳೆ ಇರಲ್ಲ.’

‘ಹನ್ನೊಂದಕ್ಕೆ ನಂಗೆ ಯಾರೂ ಫೋನ್ ಮಾಡಲ್ಲ.’

‘ಮಕ್ಕಳು ಗಲಾಟೆ ಮಾಡ್ತಾರೆ.’

‘ಮಾಡ್ಲಿ. ಮೇಸ್ತ್ರಿ ಬಾಯಿಲ್ದೇನೂ ಕೆಲಸ ಮಾಡ್ತಾನೆ ಅಂತ ಹೇಳಿ.’

ಚಂದ್ರಪ್ರಭಾ ಅವರು ಪೆನ್ನಿನ ಮುಚ್ಚಳ ಹಾಕಿದರು, ತೆಗೆದರು. ಆಮೇಲೆ ಸದಾನಂದನ ಕಡೆ ನೋಡಿ, ನಾಲ್ಕರಿಂದ ಐದರವರೆಗೆ ಚಿತ್ರ ಇರಲಿ, ಸದ್ದು ಬೇಡ ಎಂದರು.

ನಾನು ಅದನ್ನು ಸುದ್ದಿ ಮಾಡಿದೆ. ದನಿ ನೀಡಿದ ವಾರಿಜಾ ಬದುಕಿದ್ದಾರೆ, ಪ್ರದರ್ಶನದ ಹೊತ್ತಿನಲ್ಲಿ ಅವರಿಗೆ ಮಾತಿರುವುದಿಲ್ಲ, ಅವರ ಕೋರಿಕೆಯ ಮೇರೆಗೆ ಸಂಜೆ ನಾಲ್ಕರಿಂದ ಐದರವರೆಗೆ ಸದ್ದು ನಿಲ್ಲಿಸಲಾಗುವುದು. ದೂರದ ಆವೃತ್ತಿಗಳಿಗೂ ಹಾಕಿ ಎಂದು ಡೆಸ್ಕಿನವರನ್ನು ಕೇಳಿಕೊಂಡೆ. ‘ಮುಂಗುಸಿ ಬಾಯಿ ಮುಚ್ಚಿದ್ದು ರಾಜ್ಯದ ಸುದ್ದೀನಾ?’ ಎಂದರು. ಜಾಗ ಇದ್ದದ್ದರಿಂದ ಹಾಕಿದರು.

ಮಕ್ಕಳು ಗಲಾಟೆ ಮಾಡಲಿಲ್ಲ. ಮೊದಲ ದಿನ ಸದ್ದು ನಿಂತಾಗ ಎಲ್ಲರೂ ತಿರುಗಿ ಸ್ಪೀಕರ್ ಕಡೆ ನೋಡಿದರು. ಪರದೆಯ ಮೇಲೆ ಮೇಸ್ತ್ರಿ ಕರಣೆ ಎತ್ತಿ ಬಾಯಿ ತೆರೆದ. ಹಿಂದಿನ ಸಾಲಿನಿಂದ ಒಂದು ಹುಡುಗಿ ‘ಬಿರುಕೆಲ್ಲಿ?’ ಎಂದು ಕೂಗಿದಳು. ಉಳಿದದ್ದನ್ನು ಎಲ್ಲರೂ ಕೂಗಿದರು. ಮಾತು ಗೊತ್ತಿಲ್ಲದ ಕಡೆ ತಾವೇ ಹುಟ್ಟಿಸಿ ಹೇಳಿದರು. ಆಮೆ ಬಾಯಲ್ಲಿ ಗಣಿತದ ಟೀಚರನ್ನು ಬೈದರು. ವಾರದೊಳಗೆ ಆ ಒಂದು ಗಂಟೆಗೇ ಹೆಚ್ಚು ಜನ ಸೇರತೊಡಗಿದರು.

ಅದೇ ಹೊತ್ತಿಗೆ ವಾರಿಜಕ್ಕ ಫೋನಿನ ಪಕ್ಕ ಮೊಗ್ಗು ಕಟ್ಟುತ್ತ ಕೂತಿರುತ್ತಿದ್ದರು. ಆ ವಾರದಿಂದ ನನ್ನ ಪಾಳಿ ಸಂಜೆ ಐದಕ್ಕೆ ಶುರುವಾಗುತ್ತಿತ್ತು. ನಾಲ್ಕಕ್ಕೆ ಅವರ ಮನೆಗೆ ಹೋಗಿ ಕೂರುವುದು ಅಭ್ಯಾಸವಾಯಿತು. ಅವರು ಹಗಲೆಲ್ಲ ಕೂಡಿಟ್ಟ ಮಾತುಗಳನ್ನು ಆ ಗಂಟೆಯಲ್ಲಿ ಆಡುತ್ತಿದ್ದರು. ಇಮಾಮಣ್ಣ ತಮ್ಮ ಮೂಕತನದ ಲಾಭ ಪಡೆದು ಹುಳುಕು ಬದನೆ ಕೊಡುತ್ತಿದ್ದಾನೆ ಎಂದು ಬೈದರು. ಧಾರಾವಾಹಿಯ ದಿನಗಳಲ್ಲಿ ಮಾರುಕಟ್ಟೆಯಲ್ಲಿ ದನಿ ಹೋದಾಗ ಅಂಗಡಿಯವರೆಲ್ಲ ‘ಶುರುವಾಯ್ತು ಶುರುವಾಯ್ತು’ ಎಂದು ಬಾಗಿಲೆಳೆದು ಟೀವಿ ನೋಡಲು ಓಡುತ್ತಿದ್ದರಂತೆ. ಗಂಟಲ ಮೇಲೆ ಬೆರಳಿಟ್ಟು ಖಾಲಿ ಬೀದಿಯಲ್ಲಿ ಒಬ್ಬಳೇ ನಡೆದು ಮನೆಗೆ ಬರುತ್ತಿದ್ದೆ ಎಂದರು. ನಾನು ನನ್ನ ವಿಷಯ ಹೆಚ್ಚು ಹೇಳಲಿಲ್ಲ, ಹೇಳುವಂಥದ್ದು ಇರಲಿಲ್ಲ. ನನ್ನ ದನಿ ಇದುವರೆಗೆ ಒಮ್ಮೆಯೂ ಹೋಗಿಲ್ಲ. ಯಾರೂ ಅದನ್ನು ಹಿಡಿದಿಟ್ಟುಕೊಂಡಿಲ್ಲ.

‘ಒಂದು ಸಲಾನೂ ಇಲ್ವಾ?’ ಎಂದು ಅವರು ಕೇಳಿದರು.

‘ಇಲ್ಲ.’

‘ಒಳ್ಳೇದೇ ಬಿಡಿ’ ಎಂದರು. ಆದರೆ ಒಳ್ಳೆಯ ಸುದ್ದಿಗೆ ಹೇಳುವ ದನಿಯಲ್ಲಿ ಹೇಳಲಿಲ್ಲ.

ಅಂಬುಜಾ ಅವರ ಫೋನ್ ಬರಲಿಲ್ಲ. ಎರಡು ಸಲ ರಿಂಗಾಯಿತು. ಒಂದು ರಾಂಗ್ ನಂಬರ್. ಇನ್ನೊಂದು ಸದಾನಂದ, ಸದ್ದು ನಿಲ್ಲಿಸಿದ್ದೇನೆ ಸರಿಯಾಗಿದೆಯಾ ಎಂದು ಕೇಳಲು. ವಾರಿಜಕ್ಕ ಅವನಿಗೆ ಬೈದು ಇಟ್ಟರು. ಆಮೇಲೆ ರಿಸೀವರನ್ನು ಸರಿಯಾಗಿ ಕೂರಿಸಿದ್ದೇನೆಯೇ ಎಂದು ಎರಡು ಬಾರಿ ನೋಡಿದರು.

ಆ ತಿಂಗಳ ಕೊನೆಯಲ್ಲಿ ಒಂದು ದಿನ ಅವರು ಕಾಫಿ ಸೋಸುತ್ತ ‘ಇನ್ನು ಅವಳು ಮಾಡಲ್ಲ ಅನ್ನಿಸುತ್ತೆ, ಅವಳ ಹಟ...’ ಎನ್ನುತ್ತಿದ್ದಾಗ ದನಿ ಹೋಯಿತು. ಆಗಿನ್ನೂ ನಾಲ್ಕೂಕಾಲು. ಲೋಟ ಕೆಳಗಿಟ್ಟು ಗಂಟಲು ಮುಟ್ಟಿ ತೋರಿಸಿದರು. ನನಗೆ ಸಿಟ್ಟು ಬಂತು. ಅವರ ಫೋನಿನಿಂದಲೇ ವಸ್ತುಸಂಗ್ರಹಾಲಯಕ್ಕೆ ಮಾಡಿದೆ.

‘ಸದ್ದು ಯಾಕೆ ಹಾಕಿದೀರಿ?’

‘ಹಾಕಿಲ್ಲ ಸಾರ್’ ಎಂದ ಸದಾನಂದ. ‘ಕೇಳಿಸ್ಕೊಳ್ಳಿ ಬೇಕಾದ್ರೆ.’ ರಿಸೀವರನ್ನು ಪರದೆ ಕೋಣೆಯ ಕಡೆ ಹಿಡಿದ. ಮಕ್ಕಳ ಕೂಗಾಟ ಬಿಟ್ಟರೆ ಬೇರೇನೂ ಇರಲಿಲ್ಲ.

ನಾನು ತಿರುಗಿ ನೋಡಿದಾಗ ವಾರಿಜಕ್ಕ ನೆಲದ ಮೇಲೆ ಕೂತಿದ್ದರು. ಗೋಡೆಗೆ ಒರಗಿ, ಕಣ್ಣು ಮುಚ್ಚಿ, ತುಟಿ ಆಡಿಸುತ್ತಿದ್ದರು. ಜತೆಗೆ ಬೆರಳು ಮಡಿಸುತ್ತಿದ್ದರು. ಹತ್ತು ಬೆರಳು ಮುಗಿದ ಮೇಲೆ ಮತ್ತೆ ಮೊದಲಿನಿಂದ. ಒಂದು ಕಡೆ ತುಟಿ ನಿಂತಿತು, ತಲೆ ಅಲ್ಲಾಡಿತು, ಮುಂದೆ ಹೋಯಿತು. ನಾನು ಫೋನ್ ಇಟ್ಟೆ. ಕಾಫಿ ಆರಿತು. ಕೊನೆಯ ಬೆರಳು ಮಡಿಸಿದ ಕೂಡಲೇ ಅವರ ಗಂಟಲಿನಿಂದ ಕೆಮ್ಮು ಬಂತು, ಅದರ ಹಿಂದೆ ದನಿ.

‘ಮಗ್ಗಿ’ ಎಂದರು.

‘ಏನು?’

‘ಅಪ್ಪ ಹೊಸ ಟೇಪ್ ರೆಕಾರ್ಡರ್ ತಂದಾಗ ನಮ್ಮಿಬ್ಬರ ಕೈಲಿ ಇಪ್ಪತ್ತರವರೆಗೆ ಮಗ್ಗಿ ಹೇಳಿಸಿ ಹಿಡಿದಿಟ್ಟಿದ್ರು. ಆ ಕ್ಯಾಸೆಟ್ ಅವಳ ಪೆಟ್ಟಿಗೇಲಿ ಹೋಯ್ತು. ನನ್ನ ದನಿ ಇರೋದು ಎರಡೇ ಕಡೆ ಕಣ್ರೀ. ಒಂದು ಆ ಮೇಸ್ತ್ರೀದು, ಇನ್ನೊಂದು ಅದು. ಹದಿನೇಳರಲ್ಲಿ ಅವಳು ತಡವರಿಸ್ತಾಳೆ, ನಾನು ಹೇಳಿಕೊಡ್ತೀನಿ. ಸರಿಯಾಗಿ ಇಪ್ಪತ್ತಕ್ಕೆ ಮುಗೀತು. ನೋಡಿದ್ರಲ್ಲ.’

‘ಹಾಗಾದರೆ ಸುದ್ದಿ ಓದಿದಾರೆ’ ಎಂದೆ. ‘ನಾಲ್ಕರಿಂದ ಐದು ಅಂತ ಅದರಲ್ಲಿತ್ತು. ಫೋನೇ ಮಾಡಬಹುದಿತ್ತಲ್ಲ, ವಾರಿಜಕ್ಕ? ಈಗ ನಿಮಗೆ ಸಿಟ್ಟಿಲ್ಲ ಅಂತ ಅವರಿಗೆ ಗೊತ್ತಾಗಿದೆ.’

‘ಮಾತಾಡಿದ್ರೆ ಅಮ್ಮನ ವಿಷಯ ಬರುತ್ತೆ. ಬಂದ್ರೆ ಜಗಳ ಆಗುತ್ತೆ. ಅದು ಇಬ್ಬರಿಗೂ ಗೊತ್ತು.’ ತಣ್ಣಗಾದ ಕಾಫಿಯನ್ನು ಹಾಗೇ ಕುಡಿದರು. ‘ಆ ಕ್ಯಾಸೆಟ್ಟಲ್ಲಿ ಅವಳೂ ಇದಾಳೆ. ಹಾಕಿದ್ರೆ ಅವಳ ಬಾಯೂ ಹೋಗುತ್ತೆ. ಎಲ್ಲಿದಾಳೋ, ಅಲ್ಲಿ ಅವಳೂ ಈಗ ಹಿಂಗೇ ಕೂತಿದ್ಲು.’

ಮರುದಿನವೂ ಹಾಗೇ ಆಯಿತು. ಅದರ ಮರುದಿನ ಆಗಲಿಲ್ಲ, ಅದರಾಚೆಯ ದಿನ ಆಯಿತು. ನಾನು ಇದ್ದಾಗ ಅವರು ನನ್ನ ಕಡೆ ಒಮ್ಮೆ ನೋಡಿ, ಆಮೇಲೆ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಮುಚ್ಚುವ ಮೊದಲಿನ ಆ ನೋಟ ಮನೆಗೆ ಬಂದ ನೆಂಟರನ್ನು ನೋಡುವಂಥದ್ದು. ಅದರಲ್ಲಿ ಬೇಸರವಿರಲಿಲ್ಲ, ಉಪಚಾರವಿತ್ತು.

ಚಂದ್ರಪ್ರಭಾ ಅವರು ಒಂದು ಸಂಜೆ ತಾವೇ ಓಣಿಗೆ ಬಂದರು. ಪ್ರದರ್ಶನವನ್ನು ಬೇಸಿಗೆ ಮುಗಿಯುವವರೆಗೆ ಮುಂದುವರಿಸಲು ಒಪ್ಪಿಗೆ ಬೇಕಿತ್ತು. ಅಕ್ಕನ ಫೋನ್ ಬಂತೇ ಎಂದು ವಿಚಾರಿಸಿದರು.

‘ಇಲ್ಲ ಮೇಡಂ. ಬರೋದೂ ಇಲ್ಲ.’

‘ಹಾಗಿದ್ರೆ ನಾಲ್ಕು ಗಂಟೆಗೂ ಸದ್ದು ಹಾಕಬಹುದಾ? ನಿಮಗೆ ಆ ಹೊತ್ತಲ್ಲಿ ಮಾತಾಡೋದೇನೂ ಇಲ್ಲ ಅಂದ್ರೆ.’

‘ಬೇಡ. ಆ ಒಂದು ಗಂಟೆ ನಂಗೆ ಹಾಗೇ ಬಿಡಿ.’

‘ಯಾಕಮ್ಮಾ?’

‘ದನಿ ಬಾಯಲ್ಲಿದ್ರೆ ತಾನೇ ಹೋಗಿದ್ದು ಗೊತ್ತಾಗೋದು’ ಎಂದರು ವಾರಿಜಕ್ಕ.

ಚಂದ್ರಪ್ರಭಾ ಅವರಿಗೆ ಎಷ್ಟು ಅರ್ಥವಾಯಿತೋ ತಿಳಿಯದು. ಅವರು ನಮ್ಮೂರಿನಲ್ಲೇ ಹುಟ್ಟಿದವರು. ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕಿಸಿಕೊಂಡು ಹೊರಟರು.

ಪ್ರದರ್ಶನ ಬೇಸಿಗೆಯ ಕೊನೆಯವರೆಗೆ ನಡೆಯಿತು. ನಾಲ್ಕರಿಂದ ಐದರವರೆಗೆ ಸದ್ದಿರಲಿಲ್ಲ. ನಾನು ಆ ಹೊತ್ತಿನಲ್ಲಿ ವಾರಿಜಕ್ಕನ ಮನೆಗೆ ಹೋಗುವುದನ್ನು ನಿಲ್ಲಿಸಿದೆ. ಆಫೀಸಿಗೆ ನಾಲ್ಕಕ್ಕೇ ಹೋಗತೊಡಗಿದೆ.